ಸನ್‌ಸೆಟ್ ಬೀದಿಯ ನಗು–ಅಳು

ಹಾಲಿವುಡ್‌ಗೆ ಹೋದವರು ಸ್ಟುಡಿಯೋ ಸುತ್ತಿ, ತಾರೆಯರ ಬಂಗಲೆಗಳನ್ನು ಬಾಯಿ ಬಿಟ್ಟು ನೋಡಿ ಬರುತ್ತಾರೆ. ಪಕ್ಕದ ವೆಸ್ಟ್ ಹಾಲಿವುಡ್‌ನಲ್ಲೇ ಸನ್‌ಸೆಟ್ ಸ್ಟ್ರಿಪ್ ಅಂತ ಒಂದು ಬೀದಿ ಇದೆ. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಕಥೆ ಮಾತ್ರ ಮುಗಿಯುವಂಥದ್ದಲ್ಲ!

ಅಲ್ಲಿನ 'ರೇನ್‌ಬೋ' ಹೋಟೆಲು ಹಿಂದೆ 'ವಿಲ್ಲಾ ನೋವಾ' ಆಗಿತ್ತು. ಮರ್ಲಿನ್ ಮನ್ರೋ 1952ರಲ್ಲಿ ಬೇಸ್‌ಬಾಲ್ ವೀರ ಜೋ ಡಿಮ್ಯಾಜಿಯೋನನ್ನು ಮೊದಲು ಕಂಡದ್ದು ಅಲ್ಲೇ. 1972ರಲ್ಲಿ ಅದು ರೇನ್‌ಬೋ ಆದ ಮೇಲೆ ತಾರೆಯರ ಜಾಗಕ್ಕೆ ಗಿಟಾರಿನವರು ಬಂದರು.

1985ರಲ್ಲಿ ನಾನು ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದೆ. ಶನಿವಾರ ಬಂತೆಂದರೆ ನಮ್ಮ ಗುಂಪು ಈ ಬೀದಿಯಲ್ಲಿ ಹಾಜರ್! ಕೂದಲು ಕೆದರಿ, ಕಣ್ಣಿಗೆ ಕಾಡಿಗೆ, ತುಟಿಗೆ ರಂಗು ಬಳಿದ ಗಂಡಸರು ಗಿಟಾರ್ ಮೀಟಿದರೆ ಗೋಡೆ ನಡುಗುತ್ತಿತ್ತು. ಇದೇ ಗ್ಲಾಮ್ ಮೆಟಲ್. ಕ್ಲಬ್ಬು ಬಾಗಿಲು ಹಾಕಿದರೂ ಮನೆಗೆ ಹೋಗೋ ಮನಸ್ಸು ಯಾರಿಗಿತ್ತು ಹೇಳಿ?

ಆ ಮೋಜಿನ ದೊರೆಗಳು ಮೋಟ್ಲಿ ಕ್ರೂ ತಂಡದವರು. ಅವರ 'ಥಿಯೇಟರ್ ಆಫ್ ಪೇನ್' ಬಂದದ್ದು ಆ ವರ್ಷವೇ. ಹೊದಿಕೆಯ ಮೇಲೆ ನಾಟಕದ ನಗುವ, ಅಳುವ ಮುಖವಾಡಗಳು. ಅಮೆರಿಕವೊಂದರಲ್ಲೇ 40 ಲಕ್ಷ ಪ್ರತಿ ದಾಟಿದ ಆಲ್ಬಮ್ ಅದು.

ಅಳುವ ಮುಖಕ್ಕೆ ಕಾರಣವಿತ್ತು. 1984ರ ಡಿಸೆಂಬರ್ 8ರಂದು ಗಾಯಕ ವಿನ್ಸ್ ನೀಲ್ ಕುಡಿದು, ಇನ್ನಷ್ಟು ಮದ್ಯ ತರಲು ಕಾರು ಓಡಿಸಿದ. ಪಕ್ಕದಲ್ಲಿ ಕೂತಿದ್ದವನು ಹನೋಯ್ ರಾಕ್ಸ್ ತಂಡದ ಡ್ರಮ್ ವಾದಕ ರ್‍ಯಾಝಲ್. ಕಾರು ಡಿಕ್ಕಿಯಾಗಿ ರ್‍ಯಾಝಲ್ ಸತ್ತ. ಅವನಿಗೆ ಕೇವಲ 24! ಎದುರಿನ ಕಾರಿನ ಇಬ್ಬರಿಗೆ ತೀವ್ರ ಗಾಯ. ವಿನ್ಸ್‌ಗೆ ಶಿಕ್ಷೆ 30 ದಿನ ಜೈಲು, ಜತೆಗೆ ಭಾರಿ ಪರಿಹಾರ. ಆಲ್ಬಮನ್ನು ಸತ್ತ ಗೆಳೆಯನಿಗೇ ಅರ್ಪಿಸಿದರು.

ಅದನ್ನು ಓದಿದ ರಾತ್ರಿ ನಮ್ಮ ಗುಂಪಿನವನೊಬ್ಬ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ನಡೀರೋ, ಬಸ್ಸಿಗೆ ಹೋಗೋಣ" ಅಂದ. ನಾವು ಗೇಲಿ ಮಾಡಿದೆವು. ಆದರೂ ಬಸ್ಸು ಹತ್ತಿದೆವು.

ಈಚೆಗೆ ಮತ್ತೆ ಅಲ್ಲಿ ನಡೆದಾಡಿದೆ. ಗಝಾರಿಸ್ ಕ್ಲಬ್ 1993ರಲ್ಲೇ ಮುಚ್ಚಿತು. ಟವರ್ ರೆಕಾರ್ಡ್ಸ್ 2006ರಲ್ಲಿ. 'ವಿಸ್ಕಿ ಎ ಗೋ ಗೋ' ಇನ್ನೂ ಇದೆ. ಕಿವಿಯಲ್ಲಿ ಅದೇ ಆಲ್ಬಮ್. ಅಬ್ಬರದ ಹಾಡುಗಳು ಈಗ ಸ್ವಲ್ಪ ಪೇಲವ. ಆದರೆ ಪಿಯಾನೋದಿಂದ ಶುರುವಾಗುವ 'ಹೋಮ್ ಸ್ವೀಟ್ ಹೋಮ್' ಬಂದಾಗ ಕಾಲು ನಿಂತಿತು. ಆಗ ಅದು ನಮಗೆ ಬರೀ ಪ್ರೇಮಗೀತೆ. ಈಗ ಕೇಳಿದರೆ, ಮನೆ ಮುಟ್ಟದೇ ಹೋದ ಹುಡುಗನ ನೆನಪು.

ನಮ್ಮ ಗುಂಪಿನ ಐವರೂ ಇಂದು ಮೊಮ್ಮಕ್ಕಳ ಜತೆ ಆಡುತ್ತಿದ್ದೇವೆ. ಕೀಲಿ ಕಿತ್ತುಕೊಂಡ ಆ ಪುಣ್ಯಾತ್ಮ ತಣ್ಣಗಿರಲಿ!