ಬೊಂಬೆಯ ಊರಿನಲ್ಲಿ ಒಂದು ಮಧ್ಯಾಹ್ನ

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣವನ್ನು ಮೈಸೂರಿನ ಪ್ರಯಾಣಿಕರು ಈಗ ಕಾಣುವುದೇ ಅಪರೂಪ. 2023ರ ಮಾರ್ಚಿ ತಿಂಗಳಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿ ಊರನ್ನು ಬದಿಗಿರಿಸಿ ಸಾಗುತ್ತದೆ. ನಾನಾದರೋ ರಜೆಯ ದಿನವೊಂದರಲ್ಲಿ ರೈಲು ಹತ್ತಿ ಹೊರಟೆ.

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಊರಿಗೆ ಮರಳುತ್ತಿದ್ದ ರೈತರೊಬ್ಬರು ದಾರಿಯಲ್ಲಿ ಜೊತೆಯಾದರು. “ಸ್ವಂತ ಬೇಸಾಯ, ನಿಮಗೆ ಮೇಲಧಿಕಾರಿಯ ಕಾಟವಿಲ್ಲ” ಎಂದೆ. “ಹುಳುವೇ ನಮ್ಮ ಅಧಿಕಾರಿ, ಸ್ವಾಮಿ. ನಾಲ್ಕು ಜ್ವರ ಕಳೆದು ಚಂದ್ರಿಕೆ ಏರುವ ತನಕ ಹಗಲಿರುಳೆನ್ನದೆ ಸೊಪ್ಪು ಕೇಳುತ್ತದೆ. ಕಡೆಗೆ ಬೆಲೆ ಕಟ್ಟುವವರು ಹರಾಜಿನವರು” ಎಂದು ನಕ್ಕರು.

ಟಿಪ್ಪುಸುಲ್ತಾನನ ಕಾಲದಲ್ಲಿ ಮೊದಲಾಯಿತೆಂದು ಪ್ರತೀತಿಯಿರುವ ಬೊಂಬೆಯ ಕಸುಬು ಚನ್ನಪಟ್ಟಣದ ಬೀದಿಗಳಲ್ಲಿ ಇನ್ನೂ ಸದ್ದು ಮಾಡುತ್ತಿದೆ. ಹಜಾರವೇ ಕಾರ್ಖಾನೆಯಾದ ಮನೆಯೊಂದರಲ್ಲಿ ಐವತ್ತು ದಾಟಿದ ಕುಶಲಿಗರೊಬ್ಬರು ಆಲೆ ಮರವನ್ನು ಲೇತಿನಲ್ಲಿ ಕಡೆಯುತ್ತಿದ್ದರು. ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿತು. ಗರಿಯಿಂದ ತಿಕ್ಕಿದೊಡನೆ ಕನ್ನಡಿಯಂತಹ ಹೊಳಪು!

“ಎಷ್ಟು ವರ್ಷದ ಕೆಲಸ, ಯಜಮಾನರೇ?”

“ಇಪ್ಪತ್ತು ವರ್ಷ ಬೇರೆಯವರ ಲೇತಿನ ಮುಂದೆ ಕುಳಿತೆ. ಸ್ವಂತದ್ದಾಗಿ ಹತ್ತು ವರ್ಷವಾಯಿತು.”

“ಈಗ ಸುಖವಾಗಿದ್ದೀರಾ?”

ಅವರು ಯಂತ್ರ ನಿಲ್ಲಿಸಿದರು. “ಆಗ ಶನಿವಾರ ಬಟವಾಡೆಯಾದರೆ ನಿಶ್ಚಿಂತೆ. ಈಗ ಕರೆಂಟು ಹೋದರೂ ನಷ್ಟ ನನ್ನದೇ, ರಸ್ತೆ ತಿರುಗಿದರೂ ನನ್ನದೇ. ಅಂಗಡಿಯವರು ಮೊದಲಿನಷ್ಟು ಕೊಳ್ಳುವುದಿಲ್ಲ. ಆದರೆ ಹೋದ ತಿಂಗಳು ಮೊಮ್ಮಗಳಿಗೆಂದು ಹೊಸ ಮಾದರಿಯ ಬುಗುರಿಯೊಂದನ್ನು ಕಡೆದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.”

“ಮತ್ತೆ ಕೂಲಿಗೆ ಕರೆದರೆ?”

ಅವರು ತುಸು ಹೊತ್ತು ಸುಮ್ಮನಿದ್ದರು. “ಸಾಲ ತೀರದಿದ್ದರೆ ಹೋಗಬೇಕಾದೀತು. ಲೇತನ್ನು ಮಾತ್ರ ಮಾರುವುದಿಲ್ಲ.”

ತಿಂಗಳ ಸಂಬಳದ ನೆರಳಿನಲ್ಲಿ ಬದುಕುವ ನಾನು, ಸ್ವಂತ ಉದ್ಯೋಗವೆಂದರೆ ಸ್ವಾತಂತ್ರ್ಯವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಆ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಹೇಳಿರಲಿಲ್ಲ. ರೈತರಿಗೆ ಅದು ನಿದ್ದೆಗೆಟ್ಟ ರಾತ್ರಿ. ಈ ಯಜಮಾನರಿಗೆ ತೀರದ ಸಾಲ. ಆದರೂ ಇಬ್ಬರೂ ತಮ್ಮ ಕೆಲಸದ ಮಾತು ಬಂದಾಗ ಮುಖವರಳಿಸಿದ್ದನ್ನು ನಾನು ಮರೆಯಲಾರೆ.

ಅದೇ ಮಾದರಿಯ ಬುಗುರಿಯೊಂದನ್ನು ಕೊಂಡು ತಂದೆ. ರಾತ್ರಿ ನನ್ನ ಮಗ ಅದನ್ನು ತಿರುಗಿಸುತ್ತ, “ಇದನ್ನು ಮಾಡಿದವರು ಯಾರಪ್ಪಾ?” ಎಂದು ಕೇಳಿದ. ಆ ಹಜಾರವನ್ನೂ ಅಲ್ಲಿಯ ಯಜಮಾನರನ್ನೂ ಕುರಿತು ಅವನಿಗೆ ನಿದ್ದೆ ಬರುವವರೆಗೆ ಹೇಳಿದೆ.