‘ಯಾ ರಬ್’ ಎಂದವರು

‘ಯಾ ರಬ್’ ಎಂಬುದು ನಮ್ಮ ಅಮ್ಮಿಯ ಮಾತು. ಮೊಣಕಾಲು ಹಿಡಿದುಕೊಂಡು ಮೇಲೇಳುವಾಗ, ಅಕ್ಕಿ ಡಬ್ಬಿಯ ತಳ ಕಾಣುವಾಗ, ಜಿದ್ದಾದಲ್ಲಿ ಗಾರೆ ಕೆಲಸಕ್ಕಿದ್ದ ಅಣ್ಣನ ಕಾಗದ ಬಾರದೆ ತಿಂಗಳು ಕಳೆದಾಗ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ. ನಾಲ್ಕನೇ ತರಗತಿವರೆಗೆ ಉರ್ದು ಶಾಲೆಯಲ್ಲಿ ಕಲಿತಿದ್ದ ನಾನು ಆ ಕಾಗದಗಳನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಆ ಪದ ನಮ್ಮ ಮನೆಯದು, ನಮ್ಮ ಮಸೀದಿಯದು ಎಂದೇ ನಂಬಿದ್ದೆ.

2015ರ ಫೆಬ್ರುವರಿಯಲ್ಲಿ ಅದನ್ನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು. ಲಿಬಿಯಾದ ಕಡಲ ದಂಡೆಯಲ್ಲಿ ಐಸಿಸ್ ಬಂಟರು 21 ಮಂದಿಯನ್ನು ಮೊಣಕಾಲೂರಿಸಿ ಕತ್ತು ಕೊಯ್ದರು. ಅವರಲ್ಲಿ 20 ಮಂದಿ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು, ಒಬ್ಬ ಘಾನಾದವನು. ಹೆಚ್ಚಿನವರು ಮಿನ್ಯಾ ಪ್ರಾಂತ್ಯದ ಬಡ ಹಳ್ಳಿಗಳವರು. ಅಲ್-ಔರ್ ಎಂಬ ಒಂದೇ ಊರಿನಿಂದ 13 ಮಂದಿ. ಕಟ್ಟಡದ ಕೂಲಿಗೆಂದು ಹೋದವರು, ನಮ್ಮ ಅಣ್ಣನ ಹಾಗೆಯೇ.

ಆ ವಿಡಿಯೋವನ್ನು ನಾನು ನೋಡಲಿಲ್ಲ, ಸುದ್ದಿಯನ್ನಷ್ಟೇ ಓದಿದೆ. ಕೊನೆಯ ಗಳಿಗೆಯಲ್ಲಿ ಅವರಲ್ಲಿ ಕೆಲವರು ‘ಯಾ ರಬ್ಬೀ ಯಸೂ’ ಎನ್ನುತ್ತಿದ್ದರಂತೆ. ‘ನನ್ನ ಪ್ರಭುವೇ, ಯೇಸುವೇ’ ಎಂದರ್ಥ. ಓದುತ್ತಿದ್ದವನು ಅಲ್ಲಿಗೇ ನಿಂತೆ. ಅರಬ್ಬಿ ಅವರ ತಾಯ್ನುಡಿ. ನಾವು ಕರೆಯುವ ‘ರಬ್’, ‘ಅಲ್ಲಾಹ್’ ಎಂಬ ಪದಗಳಿಂದಲೇ ಅವರೂ ದೇವರನ್ನು ಕರೆಯುತ್ತಾರೆ. ಚೂರಿ ಹಿಡಿದವನೂ ದೇವರ ಹೆಸರು ಹೇಳಿದ್ದ, ಚೂರಿಯ ಕೆಳಗಿದ್ದವನೂ ಹೇಳಿದ. ನಮ್ಮ ಅಮ್ಮಿಯ ‘ಯಾ ರಬ್’ ಅಂದು ಇದ್ದದ್ದು ಚೂರಿಯ ಕೆಳಗೆ.

ಕೈರೋದ ಅಲ್-ಅಝರ್ ಈ ಕೃತ್ಯವನ್ನು ಕಟುವಾಗಿ ಖಂಡಿಸಿತು. ‘ಅವರು ನಮ್ಮವರಲ್ಲ’ ಎಂದು ನಾನೂ ಗೆಳೆಯರಿಗೆ ಹೇಳಿದೆ. ಆದರೆ ಅಲ್-ಔರ್‌ನಲ್ಲಿ ಸತ್ತವರ ನೆನಪಿಗೆ ಇಗರ್ಜಿ ಕಟ್ಟಲು ಹೊರಟಾಗ ಅದೇ ಸೀಮೆಯ ಕೆಲವು ಮುಸ್ಲಿಮರು ವಿರೋಧಿಸಿದರು, ಕಲ್ಲೂ ತೂರಿದರು. ಇಗರ್ಜಿಯ ಜಾಗವನ್ನೇ ಬದಲಿಸಬೇಕಾಯಿತು. ಅವರು ಐಸಿಸ್‌ನವರಲ್ಲ, ನಮ್ಮಂಥ ನೆರೆಹೊರೆಯವರೇ. ಇದನ್ನು ಓದಿದ ಮೇಲೆ ‘ನಮ್ಮವರಲ್ಲ’ ಎಂಬ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬರಲಿಲ್ಲ.

ಅದೇ ಊರಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಒಬ್ಬ ತಾಯಿಯಿದ್ದಾಳೆ. ಕೊಂದವನು ಎದುರಾದರೆ ಏನು ಮಾಡುತ್ತೀಯ ಎಂದು ಉಳಿದ ಮಗ ಕೇಳಿದ. ಅವನನ್ನು ಮನೆಗೆ ಕರೆಯುತ್ತೇನೆ, ದೇವರು ಅವನ ಕಣ್ಣು ತೆರೆಸಲಿ ಎಂದು ಬೇಡುತ್ತೇನೆ ಎಂದಳಂತೆ. ಮಗ ಅದನ್ನು ಟೀವಿಯಲ್ಲೇ ಹೇಳಿದ.

ಇಷ್ಟು ಭರವಸೆ ಎಲ್ಲಿಂದ ಬಂತು? ಕಾಪ್ಟಿಕ್ ಕ್ರೈಸ್ತರಿಗೆ ದಿನಕ್ಕೆ ಏಳು ಹೊತ್ತಿನ ಪ್ರಾರ್ಥನೆಯುಂಟು. ಅದರಲ್ಲಿ ‘ಪ್ರಭುವೇ ಕರುಣಿಸು’ ಎಂಬುದನ್ನು 41 ಬಾರಿ ಹೇಳುತ್ತಾರೆ. ಹಲವರ ಮುಂಗೈ ಮೇಲೆ ಚಿಕ್ಕಂದಿನಲ್ಲೇ ಹಾಕಿಸಿದ ಶಿಲುಬೆಯ ಹಚ್ಚೆಯಿರುತ್ತದೆ. ಸಿಮೆಂಟು ಕಲಸುವಾಗಲೂ ಅದು ಕಣ್ಣೆದುರಿಗೇ ಇರುತ್ತದೆ. ಮರಳ ಮೇಲೆ ಮೊಣಕಾಲೂರಿದಾಗ ಬಾಯಿಗೆ ಬಂದ ಹೆಸರು ಅಂದು ಹುಡುಕಿದ್ದಲ್ಲ, ದಿನವೂ ಹೇಳಿ ಹೇಳಿ ನಾಲಗೆಯಲ್ಲಿ ಉಳಿದದ್ದು. ಮಳೆ ಬಂತೆಂದು, ಕತೆ ಮುಗಿಸಬೇಕೆಂದು ಫಜ್ರ್ ತಪ್ಪಿಸುವ ನನಗೆ ಇದು ಚುಚ್ಚುತ್ತದೆ.

ನಮ್ಮ ಅಣ್ಣ ಜಿದ್ದಾದಿಂದ ಸುಖವಾಗಿ ಮರಳಿದ. ಅಮ್ಮಿಯ ‘ಯಾ ರಬ್’ ಅಲ್ಲಾಹನಿಗೆ ಕೇಳಿಸಿತು ಎಂದು ನಾವೆಲ್ಲ ಹೇಳಿಕೊಂಡೆವು. ಅಲ್-ಔರ್‌ಗೆ 2018ರ ಮೇ ತಿಂಗಳಲ್ಲಿ ಮರಳಿದ್ದು ಪೆಟ್ಟಿಗೆಗಳು. ಹಾಗಾದರೆ ಅಲ್ಲಿನ ತಾಯಂದಿರ ‘ಯಾ ರಬ್’ ಅವನಿಗೆ ಕೇಳಿಸಲಿಲ್ಲವೇ? ನಾನು ಭರವಸೆ ಎಂದುಕೊಂಡಿದ್ದುದು ಅಣ್ಣನ ಬರವನ್ನು. ಮಕ್ಕಳು ಬಾರದಿದ್ದರೂ ಆ ತಾಯಂದಿರು ಅದೇ ರಬ್‌ನನ್ನು ಕರೆಯುತ್ತಿದ್ದಾರೆ.

ಈ ಕತೆಯನ್ನು ಅಮ್ಮಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ‘ಆ ಹುಡುಗರ ಹೆಸರೇನು ಬೇಟಾ?’ ಎಂದಳು. ಹೆಸರುಗಳನ್ನು ಓದಿ ಹೇಳಿದೆ. ಒಂದೊಂದಕ್ಕೂ ಅವಳು ‘ಯಾ ರಬ್’ ಎನ್ನುತ್ತಿದ್ದಳು.