ಅಮ್ಮನ ಸೌದೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಲೇಬೇಕಿತ್ತು. ಒಣ ಕೊಂಬೆ, ಅಡಿಕೆ ಸೋಗೆ, ತೆಂಗಿನ ಮಟ್ಟೆ... ಮಳೆಗಾಲವಿಡೀ ಬಚ್ಚಲ ಹಂಡೆ ಕಾಯಬೇಕಲ್ಲ! ಶಾಲೆಯಿಂದ ಬರುವಾಗ ನಾವೂ ಕಡ್ಡಿ ಆಯ್ದು ತರಬೇಕು. ಬರಿಗೈಲಿ ಬಂದರೆ ಅಮ್ಮನ ಬೈಗುಳ.

2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಚೆನ್ನೈಯಲ್ಲಿ ಸಾವಿರಾರು ಮರ ಉರುಳಿಸಿತು. ಕರೆಂಟಿಲ್ಲ, ಗೀಸರ್ ಇಲ್ಲ. ಆ ವಾರ ಒಂದು ರಾತ್ರಿ, ನೋಟು ರದ್ದತಿಯ ಗಲಾಟೆ ಮುಗಿಸಿ ಬ್ಯಾಂಕಿನಿಂದ ಬಂದರೆ ಬಾಲ್ಕನಿ ತುಂಬ ಕೊಂಬೆಗಳು! ತೋಟ ಮಾರಿದ ಮೇಲೆ ನಮ್ಮ ಜೊತೆಗಿದ್ದ ಅಮ್ಮ ರಸ್ತೆಯಿಂದ ಆಯ್ದು ತಂದಿದ್ದಳು.

"ಹಸಿ ಇದೆ ಕಣೋ, ಈಗ ಉರಿಯಲ್ಲ. ಒಣಗಿದ್ರೆ ಮುಂದಿನ ಮಳೆಗಾಲಕ್ಕಾಯ್ತು" ಅಂದಳು.

ಬೆಳಿಗ್ಗೆ ಅವಳು ಏಳುವ ಮೊದಲೇ ಎಲ್ಲವನ್ನೂ ಕೆಳಗೆ ಸಾಗಿಸಿಬಿಟ್ಟೆ. ಎದ್ದು ಬಂದವಳು ಖಾಲಿ ಬಾಲ್ಕನಿ ನೋಡಿದಳು. ಏನೂ ಕೇಳಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು.